ಕಂಬ ಕಿತ್ತವರ ಶಾಲು

ದೇವದುರ್ಗ
೧೨ ಅಕ್ಟೋಬರ್ ೧೯೮೬

ವಾಹಿದಾ,

ನಿನ್ನ ವಿಳಾಸ ನನ್ನ ಹತ್ತಿರ ಇರಲಿಲ್ಲ. ಹೋದ ವಾರ ಮಾನ್ವಿಯಲ್ಲಿ ನಿಮ್ಮಪ್ಪ ಖಾಸಿಂ ಸಾಬರ ಬಳೆ ಅಂಗಡಿಗೆ ಹೋಗಿ ಕೇಳಿದೆ. ಕನ್ನಡಕ ಮೇಲೆತ್ತಿ ನೋಡಿ, "ನೀ ಬಾಗಲವಾಡದ ಹಂಪಮ್ಮ ಅಲ್ಲೇನವಾ? ನಮ್ಮ ವಾಹಿದಾನ ಕೂಡ ಚೆಂಡ ಆಡ್ತಿದ್ದಿ" ಅಂದರು. ನೀನು ರಾಯಚೂರಿನಲ್ಲಿ ತೀನ್ ಕಂದೀಲ್ ಹತ್ತಿರ ಇದ್ದೀಯಂತೆ, ಯಜಮಾನರದು ಬಟ್ಟೆ ಅಂಗಡಿಯಂತೆ, ಒಬ್ಬ ಮಗಳಂತೆ. ಕೇಳಿ ಸಂತೋಷವಾಯಿತು. ನಾನು ಮಸರಕಲ್ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ದೇವದುರ್ಗದಲ್ಲಿ ಒಂದು ಕೋಣೆ ಹಿಡಿದು ಒಬ್ಬಳೇ ಇದ್ದೇನೆ. ಯಾಕೆ ಒಬ್ಬಳೇ ಎಂದು ಕೇಳಬೇಡ.

ನಿನಗೂ ಆ ಕಾಗದ ಬಂದಿರಬೇಕು. ನಮ್ಮ ಮಾನ್ವಿಯ ಹೆಣ್ಣುಮಕ್ಕಳ ಹೈಸ್ಕೂಲಿಗೆ ಇಪ್ಪತ್ತೈದು ತುಂಬಿತಂತೆ. ಡಿಸೆಂಬರಿನಲ್ಲಿ ರಜತ ಮಹೋತ್ಸವ. ೧೯೭೪ರಲ್ಲಿ ಆಡಿದ ಮೊದಲ ಬಾಸ್ಕೆಟ್‌ಬಾಲ್ ತಂಡಕ್ಕೆ, ಅಂದರೆ ನಮಗೆ, ಸನ್ಮಾನ. ಅಲ್ಲಿಯವರೆಗೆ ಓದಿ ಖುಷಿಪಟ್ಟೆ. ಮುಂದಿನ ಸಾಲಿನಲ್ಲಿ, "ಬಾಲಕಿಯರ ಬಾಸ್ಕೆಟ್‌ಬಾಲಿನ ಪಿತಾಮಹ ಶ್ರೀ ಜಂಬಣ್ಣ ಸಾಹುಕಾರರ ಅಧ್ಯಕ್ಷತೆಯಲ್ಲಿ" ಎಂದಿತ್ತು. ಊಟಕ್ಕೆ ಕೂತಿದ್ದವಳು ತಟ್ಟೆ ಸರಿಸಿ ಎದ್ದೆ.

ಪಿತಾಮಹ! ಆ ಅಂಗಳದ ಸಿಮೆಂಟಿಗಾಗಿ ಮನೆಮನೆ ತಿರುಗಿದವರು ನಮ್ಮ ಡ್ರಿಲ್ ಟೀಚರ್ ಬಸವಂತಮ್ಮ. ಕಮ್ಮಾರನ ಮುಂದೆ ಕೂತು ಕಬ್ಬಿಣದ ಬಳೆ ಬಗ್ಗಿಸಿ ಕಂಬಕ್ಕೆ ಹಾಕಿಸಿದವರು ಅವರು. ಲಂಗ ಉಟ್ಟು ಓಡಿದರೆ ಕಾಲಿಗೆ ತೊಡರುತ್ತದೆಂದು ನಾವೆಲ್ಲ ನಿನ್ನ, ನಿನ್ನ ಅಕ್ಕಂದಿರ ಸಲ್ವಾರ್ ಹಾಕಿಕೊಂಡು ಆಡಿದೆವಲ್ಲ, ಅದೂ ಅವರದೇ ಉಪಾಯ. ರಾಯಚೂರಿನಲ್ಲಿ ಗೆದ್ದು ಬಂದ ಮೇಲೆ ಶಾಲೆಯ ಕಮಿಟಿ ಅಧ್ಯಕ್ಷ ಜಂಬಣ್ಣ ಮಾಡಿದ್ದೇನು? "ಹುಡುಗ್ಯಾರು ಹಾರೂದು ನೋಡಾಕ ಊರ ಗಂಡಸರೆಲ್ಲ ಗ್ವಾಡಿ ಮ್ಯಾಲ ಕುಂತಾರ" ಅಂದ. ಗೋಡೆ ಮೇಲಿನ ಗಂಡಸರನ್ನು ಇಳಿಸಲಿಲ್ಲ, ನಮ್ಮ ಕಂಬ ಕಿತ್ತಿಸಿದ. ಟೀಚರ್ ಬೇಡಿ ತಂದ ಸಿಮೆಂಟಿನ ಮೇಲೆ ತನ್ನ ಮಿಲ್ಲಿನ ಕುದಿಸಿದ ಭತ್ತ ಹರವಿದ. ಆ ಹುಳಿ ವಾಸನೆಯಲ್ಲೇ ನಾವು ಹತ್ತನೆಯ ತರಗತಿ ಮುಗಿಸಿದ್ದು.

ಇದೆಲ್ಲ ನಿನಗೆ ಗೊತ್ತಿರುವುದೇ. ಆದರೂ ಬರೆಯದೆ ಇರಲಾಗಲಿಲ್ಲ. ನಾನು ಹೋಗುವುದಿಲ್ಲ. ನೀನೂ ಹೋಗುವುದಿಲ್ಲ ಎಂದುಕೊಂಡಿದ್ದೇನೆ.

ನಿನ್ನ ಹಳೆಯ
ಹಂಪಮ್ಮ


ರಾಯಚೂರು
೨೪ ಅಕ್ಟೋಬರ್ ೧೯೮೬

ಪ್ರೀತಿಯ ಹಂಪಮ್ಮ,

ಅಂಚೆಯವನು ನಿನ್ನ ಪತ್ರವನ್ನು ಅಂಗಡಿಯಲ್ಲಿ ಕೊಟ್ಟು ಹೋಗಿದ್ದ. ಯಜಮಾನರು ಮಧ್ಯಾಹ್ನ ಊಟಕ್ಕೆ ಬರುವಾಗ ತಂದರು. ನಿನ್ನ ಅಕ್ಷರ ನೋಡಿ ಅಡುಗೆಮನೆಯಲ್ಲೇ ನಿಂತು ಓದಿದೆ.

ನಾನು ಹೋಗುತ್ತೇನೆ ಎಂದು ಹೇಳಿಯಾಗಿದೆ.

ಕಾರಣ ಹೇಳುತ್ತೇನೆ, ಬೈಯುವುದಾದರೆ ಪೂರ್ತಿ ಓದಿ ಬೈಯಿ. ನಮ್ಮ ಯಜಮಾನರು ಮೌಲಾಹುಸೇನರು ಆ ಶಾಲೆಯ ಹುಡುಗಿಯರ ಸಮವಸ್ತ್ರಕ್ಕೆ ಬಟ್ಟೆ ಕೊಡುತ್ತಾರೆ. ಅಂಗಡಿಗೆ ಅದೇ ದೊಡ್ಡ ಗಿರಾಕಿ. ಜಂಬಣ್ಣನ ಮಿಲ್ಲಿನ ಗುಮಾಸ್ತ ಬಂದು, "ಅಕ್ಕಾರು ಬರಲೇಬೇಕಂತ ಸಾಹುಕಾರ್ರು ಹೇಳ್ಯಾರ" ಎಂದು ಚಹಾ ಕುಡಿದು ಹೋದ. ಹೇಗೆ ಬೇಡವೆನ್ನಲಿ?

ಅದೊಂದೇ ಎಂದರೆ ಸುಳ್ಳಾಗುತ್ತದೆ. ಕಾಗದ ಬಂದ ದಿನ ಮಗಳು ಗುಲ್ಶನ್ ಅದನ್ನು ಕೂಡಿಸಿ ಕೂಡಿಸಿ ಓದಿ, "ಅಮ್ಮೀ, ತುಮೆ ಖೇಲ್ತಿ ಥೀ?" ಎಂದು ನಕ್ಕಳು. ನೀನು ಆಡುತ್ತಿದ್ದೆಯಾ ಎಂದು! ನಗು ನಿಲ್ಲಲೇ ಇಲ್ಲ. ಅತ್ತೆಯೂ ನಕ್ಕರು. ಹಂಪಮ್ಮ, ಮದುವೆಯಾದಾಗಿನಿಂದ ಯಾರೂ ನನ್ನನ್ನು ನನ್ನ ಹೆಸರು ಹಿಡಿದು ಎಲ್ಲಿಗೂ ಕರೆದಿಲ್ಲ. ಕಾಗದದ ಮೇಲೆ "ವಾಹಿದಾ, ತಂಡದ ನಾಯಕಿ" ಎಂದು ಬರೆದಿತ್ತು. ಅದನ್ನು ಎಷ್ಟು ಸಲ ಓದಿದೆನೋ.

ಜಂಬಣ್ಣನ ಹೆಸರು ಕಂಡು ನನಗೂ ಹೇಸಿಗೆಯಾಯಿತು. ಆದರೆ ಹೇಸಿಗೆಯಾಯಿತೆಂದು ಎಲ್ಲವನ್ನೂ ಬಿಟ್ಟುಬಿಡಲು ನನ್ನ ಹತ್ತಿರ ನೌಕರಿ ಇಲ್ಲ, ಬೇರೆ ಕೋಣೆ ಇಲ್ಲ.

ನೀನೂ ಬಾ. ನಿನ್ನ ಪಕ್ಕ ನಿಂತರೆ ನನಗೆ ಧೈರ್ಯ.

ನಿನ್ನ
ವಾಹಿದಾ


ದೇವದುರ್ಗ
೩೦ ಅಕ್ಟೋಬರ್ ೧೯೮೬

ವಾಹಿದಾ,

ಹೋಗು. ಹೋಗಿ ಶಾಲು ಹೊದ್ದುಕೋ.

ಹೊದಿಸಿಕೊಳ್ಳುವಾಗ ಆತನ ಬಾಯಿಯನ್ನೊಮ್ಮೆ ನೋಡು. ರಾಯಚೂರಿನಲ್ಲಿ ಗೆದ್ದ ಸಂಜೆ ಮಾನ್ವಿ ಬಸ್ಸು ತಪ್ಪಿತು. ಟೀಚರ್ ನಮ್ಮನ್ನು ಅಲ್ಲೇ ಮಾವಿನಕೆರೆ ಹತ್ತಿರದ ತಮ್ಮ ತವರುಮನೆಗೆ ಕರೆದುಕೊಂಡು ಹೋದರು. ಅವರಮ್ಮ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಆ ಬಾಯಿ ಕಮಿಟಿಯಲ್ಲಿ ಅದನ್ನೇ, "ಮಾಸ್ತರಮ್ಮ ಹುಡುಗ್ಯಾರನ್ನ ಲಾಡ್ಜಿಗಿ ಕರಕೊಂಡು ಹೋಗಿದ್ಲು" ಎಂದು ಹೇಳಿತು. ಹೇಳಿದ್ದು ಒಂದೇ ಸಲ. ಉಳಿದದ್ದನ್ನು ಊರು ಹೇಳಿಕೊಂಡಿತು. ಟೀಚರಿಗೆ ಲಿಂಗಸುಗೂರಿನ ಕಡೆ ಗೊತ್ತಾಗಿದ್ದ ಸಂಬಂಧ ಮುರಿಯಿತು. ನೌಕರಿ ಹೋಯಿತು. ಬಿಸಿಲಲ್ಲಿ ಟ್ರಂಕು ಹೊತ್ತು ಬಸ್ ಸ್ಟ್ಯಾಂಡಿಗೆ ನಡೆದರು. ಜೊತೆಗೆ ಹೋಗಲು ನಮ್ಮನ್ನು ಯಾರೂ ಮನೆಯಿಂದ ಬಿಡಲಿಲ್ಲ.

ಆ ಮಾತು ಬಾಗಲವಾಡದವರೆಗೂ ಬಂತು. ನಮ್ಮಪ್ಪನ ಕಿವಿಗೂ ಬಿತ್ತು. ಆಮೇಲೆ ನಮ್ಮ ಮನೆಯಲ್ಲಿ ನಡೆದದ್ದನ್ನು ನಿನಗೂ ಬರೆಯಲಾರೆ.

ನಿನಗೆ ಮಗಳ ಮುಂದೆ ದೊಡ್ಡವಳಾಗಬೇಕು, ಅಂಗಡಿಯೂ ನಡೆಯಬೇಕು. ಆಗಲಿ. ನನ್ನನ್ನು ಪಕ್ಕಕ್ಕೆ ಕರೆಯಬೇಡ.

ಹಂಪಮ್ಮ


ರಾಯಚೂರು
೨೬ ನವೆಂಬರ್ ೧೯೮೬

ಹಂಪಮ್ಮ,

ಉತ್ತರ ಬರೆಯಬಾರದೆಂದುಕೊಂಡಿದ್ದೆ. ಎರಡು ಸಲ ಬರೆದು ಹರಿದೆ. ನಿನ್ನ ಮಾತಿಗೆ ಮೊದಲು ಅಳು ಬಂತು, ಆಮೇಲೆ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ನೋಡಿದರೆ ಮಾವಿನಕೆರೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಇಷ್ಟು ವರ್ಷ ಇದೇ ಊರಿನಲ್ಲಿದ್ದೂ ಆ ಮನೆಯ ಕಡೆ ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಹೋದೆ. ಅದೇ ಮನೆ, ಅದೇ ಹಸಿರು ಬಾಗಿಲು. ಬಾಗಿಲು ತೆರೆದವರು ಟೀಚರೇ. ಕೂದಲು ಮುಂದೆ ಬೆಳ್ಳಗಾಗಿದೆ, ಬೆನ್ನು ಮಾತ್ರ ಹಾಗೆಯೇ ನೆಟ್ಟಗೆ. ನಾನು ಬುರ್ಖಾದ ಮುಸುಕು ಎತ್ತುವ ಮೊದಲೇ, "ಎಡಗೈಲೆ ಚೆಂಡ ಒಗೀತಿದ್ದಿ, ವಾಹಿದಾ ಅಲ್ಲೇನು? ಒಳಗ ಬಾ" ಅಂದರು. ಮತ್ತೊಮ್ಮೆ ಚಿಲಕ ಬಡಿಯಲೆಂದು ಎತ್ತಿದ್ದ ಎಡಗೈ ನೋಡಿಯೇ ಗುರುತು ಹಿಡಿದಿದ್ದರು.

ಅವರಮ್ಮ ತೀರಿಕೊಂಡಿದ್ದಾರೆ. ಟೀಚರ್ ಈಗ ತಮ್ಮನ ಸಂಸಾರದ ಜೊತೆ ಇದ್ದಾರೆ. ಮಾನ್ವಿ ಬಿಟ್ಟ ಮೇಲೆ ಯಾವ ಶಾಲೆಯೂ ಅವರನ್ನು ಸೇರಿಸಿಕೊಳ್ಳಲಿಲ್ಲ. ಎಲ್ಲಿ ಅರ್ಜಿ ಹಾಕಿದರೂ ಹಿಂದೆಯೇ ಮಾನ್ವಿಯಿಂದ ಮಾತು ಹೋಗುತ್ತಿತ್ತಂತೆ. ಈಗ ಓಣಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾರೆ. ಮಾಡಿಕೊಟ್ಟ ಚಹಾ ಕುಡಿಯುತ್ತಾ ಸನ್ಮಾನದ ಸುದ್ದಿ ಹೇಗೆ ತೆಗೆಯಲಿ ಎಂದು ಒದ್ದಾಡಿದೆ. ಕಡೆಗೆ ಕಾಗದವನ್ನೇ ಕೈಗಿಟ್ಟೆ. ಪೂರ್ತಿ ಓದಿದರು.

"ಪಿತಾಮಹ ಅಂತ ಇವಗ. ಥೂ" ಅಂದರು. ನಿಜವಾಗಿ ಉಗುಳಿದರು ಹಂಪಮ್ಮ, ಎದ್ದು ಹೋಗಿ ಬಚ್ಚಲಿನಲ್ಲಿ ಉಗುಳಿ, ಬಾಯಿ ಮುಕ್ಕಳಿಸಿ ಬಂದು ಕೂತರು.

"ಟೀಚರ್, ನಿಮ್ಮ ಹೆಸರು ಸೇರಸ್ರಿ ಅಂತ ಸಾಹುಕಾರಗ ಕೇಳ್ತೀನ್ರಿ" ಅಂದೆ.

"ಬ್ಯಾಡ. ಆ ಬಾಯಾಗ ನನ್ನ ಹೆಸರು ಬರೂದ ಬ್ಯಾಡ. ಒಮ್ಮೆ ಬಂದದ್ದ ಸಾಕಾಗ್ಯದ."

"ಹಂಗಾದ್ರ ನಾ ಹೇಳಲೇನ್ರಿ?"

ಕಾಗದ ಮಡಚಿ ನನ್ನ ಕೈಗೆ ವಾಪಸ್ಸು ಕೊಟ್ಟು, "ನಿನ್ನ ಬಾಯಿ ನಿಂದು. ನಾ ಯಾಕ ಬ್ಯಾಡ ಅನ್ಲಿ" ಅಂದರು. ಆಮೇಲೆ ಕೇಳಿದರು: "ಅಲ್ಲಿ ಈಗ ಹುಡುಗ್ಯಾರು ಆಡ್ತಾರೇನು?" ನನಗೆ ಗೊತ್ತಿರಲಿಲ್ಲ. ಸನ್ಮಾನಕ್ಕೆ ಹೊರಟವಳಿಗೆ ಅದೊಂದು ಕೇಳಬೇಕೆಂದು ಹೊಳೆದೇ ಇರಲಿಲ್ಲ.

ನೀನು ಮಾನ್ವಿಗೆ ಆಗಾಗ ಹೋಗುತ್ತೀಯಲ್ಲ. ಒಮ್ಮೆ ನೋಡಿ ಬರೆಯುತ್ತೀಯಾ?

ವಾಹಿದಾ


ದೇವದುರ್ಗ
೫ ಡಿಸೆಂಬರ್ ೧೯೮೬

ವಾಹಿದಾ,

ಟೀಚರ್ ಬದುಕಿದ್ದಾರೆ ಎಂಬ ಸುದ್ದಿ ಕೊಟ್ಟೆಯಲ್ಲ, ನಿನಗೆ ಒಳ್ಳೆಯದಾಗಲಿ. ಹೋದ ಪತ್ರದಲ್ಲಿ ನಾನು ಬರೆದದ್ದು ನಿನಗೆ ಬರೆದದ್ದಲ್ಲ. ಯಾರಿಗೆ ಬರೆದೆನೋ, ವಿಳಾಸ ಮಾತ್ರ ನಿನ್ನದಿತ್ತು.

ಭಾನುವಾರ ಮಾನ್ವಿಗೆ ಹೋಗಿ ಬಂದೆ. ಶಾಲೆಗೆ ಸುಣ್ಣ ಬಳಿಯುತ್ತಿದ್ದಾರೆ. ಅಂಗಳದ ಎರಡೂ ಕಡೆ ಹೊಸ ಕಂಬ ನಿಲ್ಲಿಸಿ, ಹಲಗೆಗೆ ಕೆಂಪು ಬಣ್ಣ ಹಚ್ಚಿದ್ದಾರೆ. ಕಂಬದ ಬುಡದಲ್ಲಿ ಇನ್ನೂ ಭತ್ತದ ರಾಶಿ ಇತ್ತು. ಅದೇ ವಾಸನೆ. ಮೂಗು ಮುಚ್ಚಿಕೊಂಡರೂ ಗಂಟಲಿಗೆ ಇಳಿಯುತ್ತದೆ. ಒಂಬತ್ತನೆಯ ತರಗತಿಯ ಹುಡುಗಿಯರನ್ನು ರಜೆಯ ದಿನ ಕರೆಸಿ ಅಂಗಳ ಗುಡಿಸಲು, ನೀರು ಹೊರಲು ಹಚ್ಚಿದ್ದರು. "ನೀವು ಆಡ್ತೀರೇನವಾ?" ಎಂದು ಒಬ್ಬಳನ್ನು ಕೇಳಿದೆ. "ಇಲ್ರಿ, ನಾವು ಸ್ವಾಗತಗೀತಿ ಹಾಡ್ತೀವ್ರಿ. ಆಡಾವ್ರು ರಾಯಚೂರಿಂದ ಬರ್ತಾರಂತ್ರಿ" ಅಂದಳು.

ಹೆಡ್‌ಮಾಸ್ತರ್ ಶರಣಯ್ಯನವರನ್ನು ಕಂಡೆ. ಕೆಟ್ಟವರಲ್ಲ, ಅಂಜುಬುರುಕರು. ಬಾಗಿಲು ಓರೆ ಮಾಡಿಕೊಂಡು ಮಾತಾಡಿದರು. ಹೆಣ್ಣುಮಕ್ಕಳ ಆಟಕ್ಕೆ ಸರಕಾರದ ಅನುದಾನ ಬರುವುದಿದೆಯಂತೆ, ಈ ಶಾಲೆ ಹಳೆಯ ಕಾಲದಿಂದಲೂ ಆಡಿಸುತ್ತಾ ಬಂದಿದೆ ಎಂದು ಮಂತ್ರಿಗಳಿಗೆ ತೋರಿಸಬೇಕಂತೆ. ಅದಕ್ಕೆ ನಾವು ಬೇಕು. ನಾವು ಸಾಕ್ಷಿ, ವಾಹಿದಾ. ಸಂತೆಯಲ್ಲಿ ಎತ್ತಿನ ಹಲ್ಲು ತೋರಿಸುತ್ತಾರಲ್ಲ, ಹಾಗೆ ನಮ್ಮನ್ನು ತೋರಿಸುತ್ತಾರೆ. ಬಸವಂತಮ್ಮ ಟೀಚರ ಹೆಸರೆತ್ತಿದೆ. "ಅಕ್ಕಾರ, ಆ ವಿಷಯ ತೆಗೀಬ್ಯಾಡ್ರಿ. ನಾನೂ ಹೆಂಡ್ರು ಮಕ್ಕಳು ಇದ್ದಾವ" ಎಂದು ಕೈಮುಗಿದರು. ಅವರ ಕೈ ನೋಡಿ ಇನ್ನಷ್ಟು ಅಸಹ್ಯವಾಯಿತು.

ನಾನು ಬರುವುದಿಲ್ಲ. ಅದು ನಿನ್ನ ಮೇಲಿನ ಸಿಟ್ಟಲ್ಲ. ಆ ಮನುಷ್ಯನ ಎದುರು ನಿಲ್ಲುವುದು ನನ್ನಿಂದಾಗದು. ಅಷ್ಟು ತಿಳಿದುಕೋ. ನಿನಗೆ ಹೇಳಬೇಕೆನಿಸಿದ್ದನ್ನು ಹೇಳು. ಅನಿಸದಿದ್ದರೆ ಶಾಲು ತಗೊಂಡು ಬಾ, ನಾನೇನೂ ಅನ್ನುವುದಿಲ್ಲ.

ನಿನ್ನ
ಹಂಪಮ್ಮ


ರಾಯಚೂರು
೨೩ ಡಿಸೆಂಬರ್ ೧೯೮೬

ಹಂಪಮ್ಮ,

ಮುಗಿಯಿತು. ಹೇಗೆ ಮುಗಿಯಿತೆಂದು ಬರೆಯಲೂ ನಾಚಿಕೆಯಾಗುತ್ತದೆ.

ಭಾನುವಾರ ಬೆಳಗಿನ ಬಸ್ಸಿಗೆ ಯಜಮಾನರು, ಗುಲ್ಶನ್, ನಾನು ಮೂವರೂ ಹೋದೆವು. ಬುರ್ಖಾ ತೆಗೆದು ಗುಲ್ಶನ್ ಕೈಗೆ ಕೊಟ್ಟು ವೇದಿಕೆ ಹತ್ತಿದೆ. ನಮ್ಮ ತಂಡದ ಐವರಲ್ಲಿ ಮೂವರು ಬಂದಿದ್ದೆವು. ಮಂತ್ರಿಗಳು ನಡುವೆ, ಪಕ್ಕದಲ್ಲಿ ಜಂಬಣ್ಣ. ವಯಸ್ಸಾಗಿ ಮೆತ್ತಗಾಗಿದ್ದಾನೆ, ಬಿಳಿ ಅಂಗಿ, ಹಣೆಗೆ ವಿಭೂತಿ, ಬಾಯಿ ತುಂಬ ಎಲೆಯಡಿಕೆ. ಎಲ್ಲರನ್ನೂ "ಮಗಳ, ಮಗಳ" ಎನ್ನುತ್ತಾನೆ. ರಾಯಚೂರಿನಿಂದ ತಂದ ಹುಡುಗಿಯರು ಸ್ವಲ್ಪ ಹೊತ್ತು ಆಡಿ ತೋರಿಸಿದರು. ಶಾಲೆಯ ಹುಡುಗಿಯರು ಬಿಸಿಲಲ್ಲಿ ಕೂತು ಚಪ್ಪಾಳೆ ತಟ್ಟಿದರು.

ನನ್ನ ಹೆಸರು ಕರೆದರು. ನಾಯಕಿ ಎರಡು ಮಾತಾಡಲಿ ಎಂದು ಮೈಕು ಕೊಟ್ಟರು. ಕೆಳಗೆ ಯಜಮಾನರ ಮುಖ ಕಂಡಿತು. ಅವರಿಗೆ ಏನೂ ಹೇಳಿರಲಿಲ್ಲ ನಾನು. ಒಂದೇ ಉಸಿರಿಗೆ ಹೇಳಿಬಿಟ್ಟೆ:

"ನಮಗ ಆಟ ಕಲಿಸಿದಾಕಿ ಬಸವಂತಮ್ಮ ಟೀಚರ್. ಈ ಅಂಗಳ ಕಟ್ಟಿಸಿದಾಕಿ ಆಕಿ. ಆಕಿ ಮ್ಯಾಲ ಸುಳ್ಳ ಹೇಳಿ ಊರು ಬಿಡಿಸಿದಾವ್ರು, ನಮ್ಮ ಕಂಬ ಕಿತ್ತಿಸಿದಾವ್ರು ಇಲ್ಲೇ ಕುಂತಾರ, ಈ ಸಾಹುಕಾರ್ರು."

ಈಗ ಬೈಯುತ್ತಾರೆ, ಎಳೆದು ಇಳಿಸುತ್ತಾರೆ ಎಂದು ನಿಂತೆ. ನನಗೆ ಅದೇ ಬೇಕಿತ್ತೋ ಏನೋ.

ಜಂಬಣ್ಣ ಎದ್ದ. ನಗುತ್ತಾ ಬಂದು ಮೈಕು ತೆಗೆದುಕೊಂಡ. "ಖರೇ ಹೇಳಿದ್ಲು ನನ್ನ ಮಗಳು! ಕಂಬ ನಾನ ಕಿತ್ತಿಸಿದ್ದು. ಹಳೇ ಕಟಗಿ, ಹುಳ ಹಿಡದಿತ್ತು. ಹುಡುಗ್ಯಾರ ತಲಿ ಮ್ಯಾಲ ಬಿದ್ದರ ಏನ ಗತಿ? ಅದಕ್ಕ ಕಿತ್ತಿಸಿದೆ. ಈಗ ನೋಡ್ರಿ, ಕಬ್ಬಿಣದವು ಹಾಕ್ಸೀನಿ! ಇವು ನಮ್ಮ ಹುಡುಗ್ಯಾರು ದಿನಾ ಆಡಾಕ. ಆ ಬಸವಂತಮ್ಮನ್ನೂ ನಾನ ನೌಕರಿಗಿ ತಂದಿದ್ದು, ಪಾಪ, ಬಡವಿ!" ಎಂದ. ಮಂತ್ರಿಗಳು ನಕ್ಕರು. ಜನ ಚಪ್ಪಾಳೆ ತಟ್ಟಿದರು, ಹಂಪಮ್ಮ. ನಾನು ಹೇಳಿದ್ದಕ್ಕಿಂತ ಜೋರಾಗಿ. ಆ ಚಪ್ಪಾಳೆಯಲ್ಲೇ ಶಾಲು ಹೊದಿಸಿ ನನ್ನ ತಲೆ ಮೇಲೆ ಕೈಯಿಟ್ಟ. ಎಲೆಯಡಿಕೆಯ ಉಸಿರು ನನ್ನ ಮುಖಕ್ಕೆ ಬಡಿಯಿತು. ಮೆಲ್ಲಗೆ, ನನಗಷ್ಟೇ ಕೇಳುವಂತೆ, "ನಿಮ್ಮ ಮನಿಯಾವ್ರ ಅಂಗಡಿ ಆರಾಮ ನಡದದಿಲ್ಲ?" ಅಂದ.

ಟೀಚರ ಹೆಸರು ಆ ಬಾಯಿಗೆ ಬಾರದಂತೆ ನೋಡಿಕೊಳ್ಳಬೇಕಿತ್ತು. ನಾನೇ ಎತ್ತಿ ಆ ಬಾಯಿಗೆ ಕೊಟ್ಟೆ.

ಇಳಿದು ಶಾಲೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ಶಾಲು ಅಲ್ಲೇ ಬಿಟ್ಟು ಬಂದೆ. ಬಸ್ಸಿನಲ್ಲಿ ಯಜಮಾನರು ಕಿಟಕಿಯ ಕಡೆ ತಿರುಗಿ ಕೂತರು. ಗುಲ್ಶನ್ ಮಾತ್ರ ನನ್ನ ಕೈ ಬಿಡಲಿಲ್ಲ.

ನಿನ್ನ
ವಾಹಿದಾ


ದೇವದುರ್ಗ
೧೮ ಜನವರಿ ೧೯೮೭

ಪ್ರೀತಿಯ ವಾಹಿದಾ,

ನಿನ್ನ ಪತ್ರ ಓದಿ ನನಗೂ ಅನ್ನ ಇಳಿಯಲಿಲ್ಲ. ಆದರೆ ನಿನಗೆ ಗೊತ್ತಿಲ್ಲದ ಒಂದು ಸಂಗತಿ ನಡೆದಿದೆ. ಸಂಕ್ರಾಂತಿಗೆ ಊರಿಗೆ ಹೋದಾಗ ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ಶರಣಯ್ಯ ಮಾಸ್ತರರು ಸಿಕ್ಕಿ, "ಬೆಂಕಿ ಹಚ್ಚಿ ಹೋದ್ಲು ನೋಡ್ರಿ ನಿಮ್ಮ ಗೆಳತಿ" ಎಂದು ಬೆವರು ಒರೆಸಿಕೊಳ್ಳುತ್ತಾ ಹೇಳಿದರು.

ಮಹೋತ್ಸವ ಮುಗಿದ ಮರುವಾರವೇ ಮಿಲ್ಲಿನ ಹಮಾಲರು ಚೀಲ ತಂದು ಅಂಗಳದಲ್ಲಿ ಭತ್ತ ಸುರಿಯಲು ಶುರು ಮಾಡಿದರಂತೆ. ಒಂಬತ್ತನೆಯ ತರಗತಿಯ ಹುಡುಗಿಯರು ಬಂದು ಕಂಬದ ನಡುವೆ ಸಾಲಾಗಿ ಕೂತುಬಿಟ್ಟರು. ಮಾಸ್ತರರು ಹೇಳಿದರೂ ಏಳಲಿಲ್ಲ. ಜಂಬಣ್ಣನಿಗೆ ಹೇಳಿ ಕಳಿಸಿದರು. ಅವನು ಬರುವ ಹೊತ್ತಿಗೆ ಗೋಡೆಯಾಚೆ ಅರ್ಧ ಬಜಾರು ನೆರೆದಿತ್ತು.

"ಏಳ್ರವಾ, ನೆಲ್ಲು ಒಣಗಸೂದದ" ಅಂದನಂತೆ.

ನೂರ್ ಬೀ ಎಂಬ ಹುಡುಗಿ ಎದ್ದು ನಿಂತು, "ಇವು ಹುಡುಗ್ಯಾರು ದಿನಾ ಆಡಾಕ ಅಂತ ಮಂತ್ರಿಗಳ ಮುಂದ ನೀವ ಹೇಳೀರಲ್ರೀ. ನಾವು ಆಡಾಕ ಬಂದೀವ್ರಿ" ಅಂದಳು.

ಇಲ್ಲವೆಂದರೆ ಅನುದಾನ ಹೋಗುತ್ತದೆ, ಹೂಂ ಎಂದರೆ ಅಂಗಳ ಹೋಗುತ್ತದೆ. ಜನ ನೋಡುತ್ತಿದ್ದರು. ಕಡೆಗೆ ನಕ್ಕು, "ನಾನ ಹೇಳೀನಿ, ಆಡ್ರಿ" ಎಂದ. ಹಮಾಲರು ಭತ್ತವನ್ನು ಮತ್ತೆ ಚೀಲಕ್ಕೆ ತುಂಬಿದರು.

ನೀನು ಮೈಕು ಹಿಡಿದು ಆಡಿದ ಮಾತಿಗೆ ಅವನು ಸುಳ್ಳು ಹೇಳಬೇಕಾಯಿತು. ಹುಡುಗಿಯರು ಆ ಸುಳ್ಳನ್ನೇ ಹಿಡಿದು ಜಗ್ಗಿದರು.

ಈಗ ಅವರಿಗೆ ಕಲಿಸುವವರಿಲ್ಲ. ಮಸರಕಲ್ ಬಿಟ್ಟು ನಾನು ವಾರವಾರ ಹೋಗಲಾರೆ, ಹೋದರೂ ಆ ಗೇಟು ದಾಟಲಾರೆ. ಟೀಚರನ್ನು ಕೇಳಿ ನೋಡು.

ನಿನ್ನವಳೇ
ಹಂಪಮ್ಮ


ರಾಯಚೂರು
೨೨ ಫೆಬ್ರವರಿ ೧೯೮೭

ಪ್ರೀತಿಯ ಹಂಪಮ್ಮ,

ಈಗಷ್ಟೇ ಮಾನ್ವಿಯಿಂದ ಬಂದು ಕಾಲು ತೊಳೆದು ಬರೆಯಲು ಕೂತೆ.

ಟೀಚರನ್ನು ಕೇಳಿದೆ. "ಆ ಅಂಗಳದಾಗ ನಾ ಕಾಲಿಡೂದಿಲ್ಲ" ಎಂದು ಖಡಾಖಂಡಿತ ಹೇಳಿದರು. ನೂರ್ ಬೀಯ ಕಥೆ ಕೇಳಿ ನಗಲೂ ಇಲ್ಲ. ಅವನು ತಮ್ಮನ್ನು ಬಡವಿ ಎಂದದ್ದನ್ನು ಕೇಳಿದಾಗಿನಿಂದ ಅವರ ಮುಖ ಗಂಟಿಕ್ಕಿಕೊಂಡೇ ಇದೆ. ಎಂದಾದರೂ ಬಿಡುತ್ತದೆಂದು ನನಗನಿಸುವುದಿಲ್ಲ. ಬಿಡಬೇಕೆಂದೂ ಇಲ್ಲ. ನಾನು ಹೊರಡಲು ಎದ್ದಾಗ, "ಗುರುವಾರ ಬಾ. ನಿನಗ ಹೇಳಿ ಕೊಡ್ತೀನಿ, ನೀ ಹೋಗಿ ಅವರಿಗಿ ಹೇಳು" ಅಂದರು. ಹಿತ್ತಲಿನಲ್ಲಿ ನನ್ನನ್ನು ಓಡಿಸಿದರು. "ಮೊಣಕಾಲ ಬಗ್ಗಸು, ಬಸುರಿ ಹಂಗ ನಿಂದರಬ್ಯಾಡ" ಎಂದು ಬೈದರು. ಅವರ ನಾದಿನಿ ಕಿಟಕಿಯಲ್ಲಿ ನಿಂತು ನಕ್ಕಳು.

ಸಮವಸ್ತ್ರದ ಬಟ್ಟೆಯ ವ್ಯಾಪಾರ ನಮ್ಮ ಕೈತಪ್ಪಿತು. ಗುಮಾಸ್ತ ಬರಲೇ ಇಲ್ಲ, ಬೇರೆ ಅಂಗಡಿಯಿಂದ ತರಿಸಿದರಂತೆ. ಯಜಮಾನರು ಎರಡು ದಿನ ಮಂಕಾಗಿದ್ದರು. ಮೂರನೆಯ ದಿನ, ಬಟ್ಟೆಗೆ ಬೇರೆ ಊರಿಲ್ಲವೇ ಎಂದು ಸಿಂಧನೂರಿನ ಬಸ್ಸು ಹತ್ತಿದರು. ಹೋಗುವಾಗ, ಭಾನುವಾರ ನಿನ್ನನ್ನು ಮಾನ್ವಿಗೆ ಬಿಟ್ಟು ಬರುತ್ತೇನೆ ಅಂದರು. ಇವತ್ತು ಅವರೇ ಬಿಟ್ಟು ಬಂದರು.

ಹುಡುಗಿಯರಿಗೆ ಚೆಂಡು ಹಿಡಿಯಲೂ ಬರುವುದಿಲ್ಲ. ಬಿಂದಿಗೆ ಹಿಡಿದಂತೆ ಎದೆಗವಚಿಕೊಳ್ಳುತ್ತಾರೆ. ಆದರೆ ಓಡುತ್ತಾರೆ, ಏನು ಓಟ ಅಂತೀ! ಇದೆಲ್ಲ ನಿಮಗೆ ಯಾರು ಕಲಿಸಿದರೆಂದು ಕೇಳಿದರು. ಹೇಳಿದೆ. ಎಲ್ಲವನ್ನೂ, ಲಾಡ್ಜಿನ ಮಾತನ್ನೂ ಬಿಡದೆ ಹೇಳಿದೆ. "ಹಂಗ ಅಂದನೇನ್ರಿ ಅಂವ?" ಎಂದು ನೂರ್ ಬೀ ಮುಖ ಕಿವುಚಿದಳು. ಅವಳ ಮುಖ ನೋಡಿ ನನಗೆ ಸಮಾಧಾನವಾಯಿತು. ಹೇಸಬೇಕಾದದ್ದಕ್ಕೆ ಹೇಸುವ ಮಕ್ಕಳು ಇವರು.

ಹತ್ತು ಗಂಟೆಯ ಹೊತ್ತಿಗೆ ಜಂಬಣ್ಣ ಬಂದ, ಜೊತೆಗೊಬ್ಬ ಫೋಟೋದವನು. ಅನುದಾನದ ಕಾಗದಕ್ಕೆ ಚಿತ್ರ ಬೇಕಂತೆ. ಅಂಗಳದ ನಡುವೆ ಬಂದು ನಿಂತು ಶಲ್ಯ ಸರಿಮಾಡಿಕೊಂಡ. "ಬರ್ರಿ ಮಕ್ಕಳ, ನನ್ನ ಆಜೂಬಾಜೂ ನಿಂದರ್ರಿ" ಅಂದ. ಹುಡುಗಿಯರ ಓಟ ನಿಧಾನವಾಯಿತು. ನೂರ್ ಬೀ ಚೆಂಡು ಹಿಡಿದು ನನ್ನ ಮುಖ ನೋಡಿದಳು.

"ಆಡ್ರಿ" ಅಂದೆ.

ಅವಳು ಚೆಂಡು ಒಗೆದಳು. ಎಲ್ಲರೂ ಮತ್ತೆ ಓಡಿದರು, ಅವನ ಎಡಕ್ಕೂ ಬಲಕ್ಕೂ, ಅವನು ನಡುವೆ ನೆಟ್ಟ ಇನ್ನೊಂದು ಕಂಬ ಎನ್ನುವಂತೆ. "ಒಂದ ನಿಮಿಷ ನಿಂದರ್ರಿ, ಒಂದ ನಿಮಿಷ" ಎಂದು ಫೋಟೋದವನು ಕೂಗುತ್ತಲೇ ಇದ್ದ. ಯಾರೂ ನಿಲ್ಲಲಿಲ್ಲ. ಜಂಬಣ್ಣ ಕ್ಯಾಮರಾಕ್ಕೆಂದು ತಂದ ನಗುವನ್ನು ಹಾಗೆಯೇ ಹಿಡಿದುಕೊಂಡು ಬಿಸಿಲಲ್ಲಿ ನಿಂತಿದ್ದ. ಕಡೆಗೆ ಫೋಟೋದವನು ಅವನೊಬ್ಬನದೇ ಒಂದು ತೆಗೆದುಕೊಂಡು ಹೋದ.

ನಿನ್ನ
ವಾಹಿದಾ